ಮನೆ ಕಟ್ಟದೆ ಬಿಟ್ಟ ಜಾಗ

ಮಕ್ಕಳು, ವಯಸ್ಸಾದವರು ಇರುವ ಕುಟುಂಬಕ್ಕೆ ಒಂದು ಬಡಾವಣೆ ಎಷ್ಟು ಒಗ್ಗುತ್ತದೆ ಎಂಬುದು ಹೆಚ್ಚಾಗಿ ಅಲ್ಲಿ ಮನೆ ಕಟ್ಟದೆ ಬಿಟ್ಟ ಜಾಗವನ್ನು ಅವಲಂಬಿಸಿದೆ. ಪಾರ್ಕು, ಆಟದ ಮೈದಾನ, ಶಾಲೆ, ಕೆರೆ ಏರಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ದಿನನಿತ್ಯದ ಬದುಕು ಹಗುರಾಗುತ್ತದೆ. ಉತ್ತರ ಬೆಂಗಳೂರಿನಲ್ಲಿ ಇದಕ್ಕೆ ಯಲಹಂಕ ಉಪನಗರ ಒಳ್ಳೆಯ ಉದಾಹರಣೆ.

ಯಲಹಂಕ ಹಳೆಯ ಊರು. 1537ರಲ್ಲಿ ಬೆಂಗಳೂರಿಗೆ ಅಡಿಪಾಯ ಹಾಕಿದ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ಅದರ ಮಗ್ಗುಲಿನ ಉಪನಗರ ಮಾತ್ರ ಈಚಿನದು, ಕರ್ನಾಟಕ ಗೃಹ ಮಂಡಳಿ ಹಂತ ಹಂತವಾಗಿ ಬೆಳೆಸಿದ್ದು. ಮಂಡಳಿ ಬರೀ ನಿವೇಶನ ಹಂಚಿ ಸುಮ್ಮನಾಗಲಿಲ್ಲ. ಬಡವರಿಗೆ ಇಡಬ್ಲ್ಯುಎಸ್, ಕಡಿಮೆ ವರಮಾನದವರಿಗೆ ಎಲ್‌ಐಜಿ, ಮಧ್ಯಮ ವರ್ಗಕ್ಕೆ ಎಂಐಜಿ, ಅದಕ್ಕೂ ಮೇಲಿನವರಿಗೆ ಎಚ್‌ಐಜಿ ಎಂದು ಬೇರೆ ಬೇರೆ ಅಳತೆಯ ಮನೆಗಳನ್ನೂ ಕಟ್ಟಿಸಿತು. ಈ ಅಕ್ಷರಗಳು ಇಂದಿಗೂ ಅಲ್ಲಿನ ವಿಳಾಸಗಳಲ್ಲಿ ಉಳಿದಿವೆ. ಗುಮಾಸ್ತನ ಮಗಳೂ ಅಧಿಕಾರಿಯ ಮಗನೂ ಒಂದೇ ಪಾರ್ಕಿನ ಜಾರುಬಂಡೆಗೆ ಸಾಲು ನಿಲ್ಲಲು ಇಂಥ ಯೋಜನೆ ಅವಕಾಶ ಕೊಡುತ್ತದೆ. ಗೇಟಿನೊಳಗೇ ಕ್ಲಬ್‌ಹೌಸು, ಈಜುಕೊಳ ಇಟ್ಟುಕೊಂಡಿರುವ ಈಚಿನ ಅಪಾರ್ಟ್‌ಮೆಂಟುಗಳಲ್ಲಿ ಅನುಕೂಲಗಳಿಗೆ ಕೊರತೆಯಿಲ್ಲ, ಈ ಒಡನಾಟಕ್ಕೆ ಇದೆ.

ಖಾಲಿ ಜಾಗಕ್ಕೆ ಕಾನೂನಿನ ಬೆಂಬಲವೂ ಇದೆ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಪ್ರಕಾರ, ಬಿಡಿಎ ಹೊಸ ಬಡಾವಣೆ ಮಾಡುವಾಗ ಒಟ್ಟು ಜಮೀನಿನ ಕನಿಷ್ಠ ಶೇ. 15ರಷ್ಟನ್ನು ಪಾರ್ಕು, ಮೈದಾನಗಳಿಗೂ ಇನ್ನೂ ಶೇ. 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೂ ಮೀಸಲಿಡಬೇಕು. ಜನ ‘ಸಿಎ ಸೈಟು’ ಎನ್ನುವುದು ಈ ಎರಡನೆಯದನ್ನೇ. ಶಾಲೆ, ಆಸ್ಪತ್ರೆ, ಸಮುದಾಯ ಭವನಗಳು ಬರುವುದು ಇಲ್ಲಿ. ಪಾರ್ಕು, ಮೈದಾನಗಳ ರಕ್ಷಣೆಗೆಂದೇ 1985ರಲ್ಲಿ ರಾಜ್ಯ ಮತ್ತೊಂದು ಕಾಯ್ದೆ ಮಾಡಿತು.

ಆದರೂ ನಕ್ಷೆಯಲ್ಲಿರುವ ಪಾರ್ಕು ನೆಲದ ಮೇಲೆ ಉಳಿಯಬೇಕಾದರೆ ನಿವಾಸಿಗಳು ಕಣ್ಣಿಟ್ಟು ಕಾಯಬೇಕು. ಹೆಬ್ಬಾಳಕ್ಕೆ ಹೋಗುವ ದಾರಿಯ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ನರ್ಸಿಂಗ್ ಹೋಮ್ ಕಟ್ಟಲು ಖಾಸಗಿ ಟ್ರಸ್ಟೊಂದಕ್ಕೆ ಕೊಡಲಾಗಿತ್ತು. ನಿವಾಸಿಗಳು ಹೈಕೋರ್ಟಿಗೆ ಹೋಗಿ ಗೆದ್ದರು. ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಅಲ್ಲಿಯೂ ತೀರ್ಪು ಅವರ ಪರವಾಗಿಯೇ ಬಂತು: ಪಾರ್ಕಿನ ಜಾಗವನ್ನು ಖಾಸಗಿಯವರಿಗೆ ಕೊಡುವಂತಿಲ್ಲ, ಕೊಟ್ಟರೆ ಪ್ರಶ್ನಿಸುವ ಹಕ್ಕು ಆ ಬಡಾವಣೆಯವರಿಗಿದೆ. ದೇಶದ ನಾನಾ ಕಡೆ ಪಾರ್ಕು ಉಳಿಸಿಕೊಳ್ಳಲು ಹೋರಾಡುವವರು ಇಂದಿಗೂ ಈ ತೀರ್ಪನ್ನು ಮುಂದಿಡುತ್ತಾರೆ. ಉತ್ತರ ಬೆಂಗಳೂರಿನ ಸಾಮಾನ್ಯ ನಿವಾಸಿಗಳು ಇಡೀ ದೇಶಕ್ಕೆ ಕೊಟ್ಟ ದೊಡ್ಡ ಕಾಣಿಕೆ ಅದು.

ಕೆರೆಗಳ ಕಥೆಯೂ ಇಂಥದೇ. ಜಕ್ಕೂರು ಕೆರೆಗೆ ಬರುವ ಕೊಳಚೆ ನೀರು ಮೊದಲು ಶುದ್ಧೀಕರಣ ಘಟಕದಲ್ಲಿ ಶುದ್ಧವಾಗಿ, ಆಮೇಲೆ ಜೊಂಡು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಜೌಗಿನ ಗಿಡಗಳು ನೀರಿನಲ್ಲಿ ಉಳಿದ ಕಶ್ಮಲವನ್ನು ಹೀರಿಕೊಳ್ಳುತ್ತವೆ. ಕೆರೆಯಲ್ಲಿ ನೀರು ನಿಲ್ಲುವುದರಿಂದ ಸುತ್ತಲ ಕೊಳವೆಬಾವಿಗಳಿಗೂ ಆಸರೆಯಾಗಿದೆ. ಸ್ಥಳೀಯರು ಕಟ್ಟಿಕೊಂಡ ಜಲಪೋಷಣ್ ಟ್ರಸ್ಟ್ ಇದರ ನಿಗಾ ವಹಿಸುತ್ತದೆ. ಬೆಳಗಿನ ವಾಯುವಿಹಾರಕ್ಕೆ ಬರುವವರೂ ಬಲೆ ಬೀಸುವ ಮೀನುಗಾರರೂ ಇಲ್ಲಿ ಒಂದೇ ಏರಿಯ ಮೇಲೆ ಓಡಾಡುತ್ತಾರೆ. ಯಲಹಂಕದ ಪುಟ್ಟೇನಹಳ್ಳಿ ಕೆರೆ ಪಕ್ಷಿಗಳಿಗಾಗಿ ಕಾದಿಟ್ಟ ಸಂರಕ್ಷಿತ ತಾಣ.

ಜನ ಒಂದೆಡೆ ಸೇರುವ ಸಂದರ್ಭಗಳೂ ಇಲ್ಲಿವೆ. ಗಣೇಶನ ಪೆಂಡಾಲು, ನವೆಂಬರಿನ ರಾಜ್ಯೋತ್ಸವ ಎಲ್ಲ ಬಡಾವಣೆಗಳಲ್ಲೂ ಇರುವಂಥವು. ಈ ಭಾಗಕ್ಕೇ ವಿಶೇಷವಾದದ್ದು ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯ ನಡೆಸುವ ಕೃಷಿ ಮೇಳ. ರೈತರು ಹೊಸ ತಳಿ, ಯಂತ್ರಗಳನ್ನು ನೋಡಲು ಬಂದರೆ, ನಗರದವರು ಮಕ್ಕಳ ಕೈಹಿಡಿದು ರಾಗಿ ತೆನೆ ತೋರಿಸಲು, ಸಸಿ ಕೊಳ್ಳಲು ಬರುತ್ತಾರೆ. ಊಟದ ತಟ್ಟೆಗೆ ಬರುವುದು ಎಲ್ಲಿ ಬೆಳೆಯುತ್ತದೆಂದು ಮಗುವಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನಗರದಲ್ಲಿಲ್ಲ. ಯಲಹಂಕ ವಾಯುನೆಲೆಯಲ್ಲಿ 1996ರಿಂದ ನಡೆಯುತ್ತಿರುವ ಏರೋ ಇಂಡಿಯಾ ವೈಮಾನಿಕ ಪ್ರದರ್ಶನವನ್ನು ಸುತ್ತಲಿನವರು ಟೆರೇಸಿನಿಂದಲೇ ನೋಡುತ್ತಾರೆ. ಹೆಬ್ಬಾಳದಲ್ಲಿ ಗಂಗರ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯ ಎಂಬಾತನ ವೀರಗಲ್ಲು 2018ರಲ್ಲಿ ಮತ್ತೆ ಬೆಳಕಿಗೆ ಬಂದಾಗ ಇತಿಹಾಸಾಸಕ್ತರು, ಸ್ಥಳೀಯರು ಸೇರಿ ಅದಕ್ಕೆ ಮಂಟಪ ಕಟ್ಟಿದರು.

ಇಷ್ಟೆಲ್ಲ ಇದ್ದರೂ ಇಲ್ಲಿನ ಕುಟುಂಬಗಳನ್ನು ಹೆಚ್ಚು ದಣಿಸುವುದು ಓಡಾಟ. 2008ರಲ್ಲಿ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೆಬ್ಬಾಳದ ಮೇಲ್ಸೇತುವೆ ಮೇಲಿನ ಒತ್ತಡ ವಿಪರೀತವಾಯಿತು. ಸಂಜೆ ಅಲ್ಲಿ ಸಿಕ್ಕಿಕೊಂಡವರಿಗೆ ಮಕ್ಕಳ ಆಟದ ಹೊತ್ತು ತಪ್ಪುತ್ತದೆ. ಈಗ ಭರವಸೆ ರೈಲುಗಳ ಮೇಲಿದೆ. ಯಶವಂತಪುರಕ್ಕೆ 2014ರಲ್ಲೇ ಮೆಟ್ರೊ ಬಂದಿದೆ. ಹೆಬ್ಬಾಳ, ಯಲಹಂಕದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗ ನಿರ್ಮಾಣಕ್ಕಿಳಿದಿದೆ. ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗ ಹೆಬ್ಬಾಳ, ಯಶವಂತಪುರಗಳನ್ನೂ ‘ಕನಕ’ ಮಾರ್ಗ ಯಲಹಂಕವನ್ನೂ ಮುಟ್ಟಲಿವೆ.