ಗೋಷಾ ಮಹಲಿನಲ್ಲಿ ಗುಟ್ಟಿನ ಸಭೆ

ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳಿಗೆ 1956ರವರೆಗೂ ರಾಜಧಾನಿಯಾಗಿದ್ದ ಹೈದರಾಬಾದಿನಲ್ಲಿ ಗೋಷಾಮಹಲ್ ಎಂಬ ಬಡಾವಣೆಯಿದೆ. 'ಗೋಷಾ' ಎಂದರೆ ಪರದೆ. ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾ ಶಾ 1682ರಲ್ಲಿ ಅಂತಃಪುರದ ಸ್ತ್ರೀಯರಿಗಾಗಿ ಕಟ್ಟಿಸಿದನೆನ್ನಲಾದ ಬಾರಾದರಿಯಿಂದ ಈ ಹೆಸರು ಬಂದಿದೆ. ಐದೇ ವರ್ಷಗಳಲ್ಲಿ ಔರಂಗಜೇಬನಿಗೆ ಗೋಲ್ಕೊಂಡ ವಶವಾಯಿತು. ಸುಲ್ತಾನ ಸೆರೆಯಾದ, ಕಟ್ಟಡ ಉಳಿಯಿತು.

1872ರಲ್ಲಿ ಈ ಕಟ್ಟಡ ಫ್ರೀಮೇಸನ್ನರ ಕೈಸೇರಿತು. ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಆಗಿನ್ನೂ ಐದಾರು ವರ್ಷದ ಬಾಲಕ. ಆಡಳಿತದ ಹೊಣೆ ಹೊತ್ತಿದ್ದವರು ದಿವಾನ ಸಾಲಾರ್ ಜಂಗ್. ಹೀಗೆ ಹೆಂಗಸರಿಗೆಂದು ಕಟ್ಟಿದ ಮಹಲು ಗಂಡಸರಿಗಷ್ಟೇ ಪ್ರವೇಶವಿರುವ ಸಭಾಭವನವಾಯಿತು.

ಯಾರು ಈ ಫ್ರೀಮೇಸನ್ನರು? ಲಂಡನ್ನಿನಲ್ಲಿ 1717ರಲ್ಲಿ ಮಹಾಮಂಡಲ ರಚಿಸಿಕೊಂಡ ಸೋದರ ಸಂಘ ಇವರದು. ಕಲ್ಲುಕುಟಿಗರ ಮೂಲೆಮಟ್ಟ ಮತ್ತು ಕೈವಾರ ಇವರ ಲಾಂಛನ. ಮೂಲೆಮಟ್ಟ ನೇರ ನಡತೆಯನ್ನೂ ಕೈವಾರ ಆಸೆಗಳಿಗೆ ಹಾಕಿಕೊಳ್ಳಬೇಕಾದ ಎಲ್ಲೆಯನ್ನೂ ಸೂಚಿಸುತ್ತವೆ. ಭಾರತದ ಮೊದಲ ಶಾಖೆ 1730ರಲ್ಲಿ ಕಲ್ಕತ್ತೆಯಲ್ಲಿ ಶುರುವಾಯಿತು. ಅನಂತರ ಬ್ರಿಟಿಷ್ ಪಡೆಗಳು ಬೀಡುಬಿಟ್ಟ ಊರುಗಳಲ್ಲೆಲ್ಲ ಶಾಖೆಗಳು ಹುಟ್ಟಿದವು.

ಇವರ ಸಭಾಂಗಣದ ವಿನ್ಯಾಸಕ್ಕೆ ಬೈಬಲಿನ ಸೊಲೊಮನ್ ದೊರೆಯ ದೇವಾಲಯವೇ ಮಾದರಿ. ಉದ್ದನೆಯ ಕೋಣೆ, ಚದುರಂಗದ ಹಾಸಿನಂತೆ ಕಪ್ಪು ಬಿಳುಪಿನ ನೆಲ, ಎರಡು ಕಂಬ. ಸೂರ್ಯ ಹುಟ್ಟುವ ಪೂರ್ವಕ್ಕೆ ಅಧ್ಯಕ್ಷರ ಪೀಠ; ಪಶ್ಚಿಮಕ್ಕೂ ದಕ್ಷಿಣಕ್ಕೂ ಇಬ್ಬರು ಸಹಾಯಕರು. ಬೆಳಕು ಬೀಳದ ಉತ್ತರಕ್ಕೆ ಅಧಿಕಾರಿಯ ಪೀಠವಿಲ್ಲ. ಬಾಗಿಲಾಚೆ ಕತ್ತಿ ಹಿಡಿದ ಕಾವಲುಗಾರ. ಬಾರಾದರಿ ಎಂದರೆ ಹನ್ನೆರಡು ಬಾಗಿಲು, ಗಾಳಿಗಾಗಿ ತೆರೆದಿಟ್ಟ ಮಂಟಪ. ಮೇಸನ್ನರ ಸಭೆಯೋ, ಬಾಗಿಲು ಮುಚ್ಚಿದ ಮೇಲೆಯೇ ಆರಂಭ. ಒಳಗೆ ನಡೆಯುವುದು ಕಾಣದ ಜನ ಭಾರತದ ಹಲವೆಡೆ ಇಂಥ ಕಟ್ಟಡಗಳನ್ನು 'ಜಾದೂ ಘರ್' ಎಂದೇ ಕರೆದರು.

ಕುತೂಹಲದ ಸಂಗತಿಯೆಂದರೆ, ಗುಟ್ಟಿಗಿಂತ ದೊಡ್ಡ ಪ್ರಶ್ನೆ ಬಾಗಿಲಲ್ಲೇ ಇತ್ತು. ಎಲ್ಲರೂ ಸೋದರರೆನ್ನುವ ಸಂಘ ಭಾರತೀಯರನ್ನು ಒಳಗೆ ಬಿಟ್ಟುಕೊಳ್ಳುತ್ತಿತ್ತೇ? ಮುಂಬಯಿಯ ಪಾರ್ಸಿ ಗೃಹಸ್ಥ ಮಾಣಿಕ್‌ಜಿ ಕರ್ಸೆಟ್‌ಜಿಗೆ ಅಲ್ಲಿನ ಆಂಗ್ಲ ಸದಸ್ಯರು ಪ್ರವೇಶ ನಿರಾಕರಿಸಿದರು. ಅವರು ಪ್ಯಾರಿಸ್ಸಿಗೆ ಹೋಗಿ ದೀಕ್ಷೆ ಪಡೆದು ಬಂದರು. ಆಗಲೂ ಬಾಗಿಲು ತೆರೆಯಲಿಲ್ಲ. ಕೊನೆಗೆ 1843ರಲ್ಲಿ ಜೇಮ್ಸ್ ಬರ್ನ್ಸ್ ಎಂಬ ವೈದ್ಯ ಭಾರತೀಯರನ್ನು ಸೇರಿಸಿಕೊಳ್ಳುವ ಪ್ರತ್ಯೇಕ ಶಾಖೆಯನ್ನೇ ತೆರೆಯಬೇಕಾಯಿತು. ಹಿಂದೂಗಳಿಗೆ ಇನ್ನೂ ಅಡ್ಡಿಯಿತ್ತು. ಅವರು ಬಹುದೇವತೆಗಳನ್ನು ನಂಬುವವರು, ಒಬ್ಬ ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು ಹೇಗೆ ಎಂಬುದು ಆಕ್ಷೇಪ. ಕಲ್ಕತ್ತೆಯಲ್ಲಿ ಪ್ರಸನ್ನ ಕುಮಾರ ದತ್ತರಿಗೆ ದೀಕ್ಷೆ ದೊರೆತದ್ದು 1872ರಲ್ಲಿ, ಅಂದರೆ ಗೋಷಾಮಹಲ್ ಮೇಸನ್ನರಿಗೆ ಸಂದ ವರ್ಷವೇ. ಹನ್ನೆರಡು ವರ್ಷಗಳ ಬಳಿಕ ಅದೇ ನಗರದಲ್ಲಿ ತರುಣ ನರೇಂದ್ರನಾಥ ದತ್ತ, ಮುಂದಿನ ಸ್ವಾಮಿ ವಿವೇಕಾನಂದ, ಮೇಸನ್ ಆದರು.

ಬಾಗಿಲು ತೆರೆದ ಮೇಲೆ ಸಭಾಂಗಣವೂ ಬದಲಾಯಿತು. ಭಾರತದ ಶಾಖೆಗಳ ಪೀಠದ ಮೇಲೆ ಬೈಬಲಿನ ಪಕ್ಕದಲ್ಲೇ ಭಗವದ್ಗೀತೆ, ಕುರಾನ್, ಪಾರ್ಸಿಗಳ ಅವೆಸ್ತಾ ಬಂದವು. ಸದಸ್ಯರು ತಂತಮ್ಮ ಗ್ರಂಥ ಮುಟ್ಟಿ ಪ್ರಮಾಣ ಮಾಡತೊಡಗಿದರು. ಧರ್ಮ, ರಾಜಕೀಯಗಳ ಚರ್ಚೆಗೆ ಮಾತ್ರ ಸಭೆಯಲ್ಲಿ ಅವಕಾಶವಿಲ್ಲ. 1961ರ ನವೆಂಬರ್ 24ರಂದು ಭಾರತದ ಮೇಸನ್ನರು ತಮ್ಮದೇ ಮಹಾಮಂಡಲ ಸ್ಥಾಪಿಸಿಕೊಂಡರು.

ಬಣ್ಣದ ಗೋಡೆ ಬಿತ್ತು, ಮತದ ಗೋಡೆಯೂ ಬಿತ್ತು. ಆದರೆ ಈ ಮಹಾಮಂಡಲದ ಸದಸ್ಯತ್ವ ಇಂದಿಗೂ ಗಂಡಸರಿಗಷ್ಟೇ. ಯಾರಿಗಾಗಿ ಆ ಮಹಲು ಎದ್ದಿತೋ ಅವರಿಗೇ ಅದರ ಸಭೆಯಲ್ಲಿ ಪೀಠವಿಲ್ಲ. ಗೋಷಾ ಎಂಬ ಹೆಸರು ಬೇರೊಂದು ಅರ್ಥದಲ್ಲಿ ಅಲ್ಲೇ ಉಳಿದುಕೊಂಡಿದೆ.