ಕವಿಯ ಮಾತಿಗೆ ಕಲ್ಲಿನ ಸಾಕ್ಷಿ

ಬಾಗಲಕೋಟೆ ಜಿಲ್ಲೆಯ ನಕಾಶೆ ತೆಗೆದು ನೋಡಿದರೆ ಬಡಗಣ ಮೇರೆಯಲ್ಲಿ ಕೃಷ್ಣೆ, ಅದರ ತೆಂಕಣಕ್ಕೆ ಘಟಪ್ರಭೆ ಹರಿದಿರುವುದು ಕಾಣುತ್ತದೆ. ಬೀಳಗಿ ತಾಲ್ಲೂಕಿನ ಚಿಕ್ಕಸಂಗಮದಲ್ಲಿ ಇವೆರಡೂ ಕೂಡುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ನಾಲ್ಕೂ ಊರುಗಳು ಎರಡು ಹೊಳೆಗಳ ನಡುವಣ ಕರಿನೆಲದಲ್ಲಿವೆ. ಇಂದು ಇಲ್ಲಿ ಕಾಣುವುದು ಕಬ್ಬಿನ ಗಾಡಿ, ಸಕ್ಕರೆ ಕಾರ್ಖಾನೆಯ ಹೊಗೆ, ಕೇಳುವುದು ಮಗ್ಗದ ಸದ್ದು. ಮುಧೋಳವೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಬೇಟೆನಾಯಿ. ಆದರೆ ಸಾವಿರ ವರ್ಷಗಳ ಹಿಂದೆ ಇದೇ ನೆಲದ ಕವಿಯೊಬ್ಬ ತನ್ನ ಕಾವ್ಯದಲ್ಲಿ ತನ್ನ ಊರಿನ ವಿಳಾಸವನ್ನು ಅಂಚೆಯವನಿಗೆ ಬರೆದುಕೊಟ್ಟಷ್ಟು ಖಚಿತವಾಗಿ ಬರೆದಿಟ್ಟ. ಬೆಳುಗಲಿ ಐನೂರು, ಅದರೊಳಗೆ ಜಂಬುಖಂಡಿ ಎಪ್ಪತ್ತು, ಅದರಲ್ಲಿ ಮುದುವೊಳಲು. ಅವನೇ ರನ್ನ.

ಕಾವ್ಯದಲ್ಲಿ ಕವಿ ಹೇಳಿಕೊಂಡದ್ದನ್ನು ಎಷ್ಟರಮಟ್ಟಿಗೆ ನಂಬಬೇಕು? ನಂಬುವುದಾದರೆ ಯಾವ ಆಧಾರದ ಮೇಲೆ? ಈ ಪ್ರಶ್ನೆಯ ಬೆನ್ನು ಹತ್ತಿ ಜಗತ್ತಿನಲ್ಲಿ ಅತಿ ಹೆಚ್ಚು ನೆಲ ಅಗೆದಿರುವುದು ಬೈಬಲಿನ ನಾಡಿನಲ್ಲಿ. ಹತ್ತೊಂಬತ್ತನೆಯ ಶತಮಾನದಿಂದಲೂ ವಿದ್ವಾಂಸರು ಒಂದು ಕೈಯಲ್ಲಿ ಬೈಬಲ್, ಇನ್ನೊಂದು ಕೈಯಲ್ಲಿ ಗುದ್ದಲಿ ಹಿಡಿದು ಅಲ್ಲಿಗೆ ಹೋದರು. ಹಲವರು ಹೋದದ್ದು ಗ್ರಂಥ ನಿಜವೆಂದು ಸಾಧಿಸಲು, ಕೆಲವರು ಸುಳ್ಳೆಂದು ತೋರಿಸಲು. ಇಬ್ಬರಿಗೂ ಬೇಕಾದದ್ದು ಪೂರ್ತಿ ಸಿಗಲಿಲ್ಲ. ಅವರಿಗೆ ಸಿಕ್ಕದ್ದು ಅದಕ್ಕಿಂತ ಸ್ವಾರಸ್ಯದ್ದು.

ಒಂದು ಉದಾಹರಣೆ ನೋಡಿ. 1910ರಲ್ಲಿ ಸಮಾರ್ಯ ಪಟ್ಟಣದ ಅರಮನೆಯ ಅವಶೇಷಗಳಲ್ಲಿ ಮಸಿಯಿಂದ ಬರೆದ ಮಡಕೆಚೂರುಗಳು ಸಿಕ್ಕವು. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಸುಮಾರಿನವು. ಇಂಥ ಊರಿನಿಂದ ಇಷ್ಟು ಕೊಡ ದ್ರಾಕ್ಷಾರಸ ಬಂತು, ಇಷ್ಟು ಎಣ್ಣೆ ಬಂತು ಎನ್ನುವ ಉಗ್ರಾಣದ ಲೆಕ್ಕ, ಅಷ್ಟೆ. ಆದರೆ ಆ ಲೆಕ್ಕದಲ್ಲಿ ಬರುವ ಸೀಮೆಗಳ ಹೆಸರುಗಳು ಬೈಬಲಿನ ಯೆಹೋಶುವನ ಗ್ರಂಥದಲ್ಲಿ ಮನಸ್ಸೆ ಕುಲದ ಮಕ್ಕಳು ಮೊಮ್ಮಕ್ಕಳ ಹೆಸರುಗಳಾಗಿ ಬಂದಿವೆ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು ತಂದೆಯ ಪಾಲಿನ ನೆಲ ಕೇಳಿ ಪಡೆದ ಕಥೆ ಬೈಬಲಿನಲ್ಲಿದೆ. ಅವರಲ್ಲಿ ಇಬ್ಬರ ಹೆಸರು, ನೋವಾ ಮತ್ತು ಹೊಗ್ಲಾ, ಈ ಚೂರುಗಳ ಮೇಲೆ ಸೀಮೆಯ ಹೆಸರಾಗಿ ನಿಂತಿವೆ! ಹಾಗಾದರೆ ಕಥೆ ನಡೆದದ್ದು ನಿಜವೆ? ಮಡಕೆಚೂರು ಅದನ್ನು ಹೇಳುವುದಿಲ್ಲ. ಗ್ರಂಥ ಬರೆದವರಿಗೆ ಆ ನೆಲ ಚೆನ್ನಾಗಿ ಗೊತ್ತಿತ್ತು, ಹೆಸರುಗಳನ್ನು ಅವರು ಕಲ್ಪಿಸಿಕೊಂಡಿರಲಿಲ್ಲ ಎಂದಷ್ಟೆ ಹೇಳುತ್ತದೆ.

ರನ್ನನ ವಿಳಾಸವನ್ನೂ ಹೀಗೆಯೇ ಓದಬೇಕು. ಐನೂರು, ಎಪ್ಪತ್ತು ಎಂಬ ಸಂಖ್ಯೆಗಳು ಕವಿಯ ಅಲಂಕಾರವಲ್ಲ. ಬನವಾಸಿ ಹನ್ನೆರಡು ಸಾವಿರ, ಕುಂಡಿ ಮೂರು ಸಾವಿರ ಎಂದು ನಮ್ಮ ಶಾಸನಗಳ ತುಂಬ ಬರುವ ಆಡಳಿತ ವಿಭಾಗಗಳ ಹೆಸರಿನ ರೀತಿಯೇ ಇದು. ಈ ಸಂಖ್ಯೆ ಹಳ್ಳಿಗಳದೋ ಕಂದಾಯದ್ದೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅದೇನೇ ಇರಲಿ, ಕವಿ ಕೊಟ್ಟದ್ದು ಅಂದಿನ ಸರಕಾರಿ ವಿಳಾಸ. ಜಂಬುಖಂಡಿ ಜಮಖಂಡಿಯಾಗಿ, ಮುದುವೊಳಲು ಮುಧೋಳವಾಗಿ ಉಳಿದಿವೆ. ಬೆಳುಗಲಿಯನ್ನು ಮುಧೋಳ ತಾಲ್ಲೂಕಿನ ಬೆಳಗಲಿಯೆಂದು ಗುರುತಿಸುತ್ತಾರೆ. ಊರವರು ಅದನ್ನು ರನ್ನಬೆಳಗಲಿ ಎಂದೇ ಕರೆಯುತ್ತಾರೆ. ಕವಿ ನಮ್ಮೂರವನು, ಅಲ್ಲ ನಮ್ಮೂರವನು ಎಂಬ ಮಾತು ಆಗಾಗ ಏಳುವುದುಂಟು. ಹಳೆಯ ಆಡಳಿತದ ಮೆಟ್ಟಿಲುಗಳನ್ನು ತಿಳಿದರೆ ಈ ಜಗಳಕ್ಕೆ ಹುರುಳಿಲ್ಲ. ಒಂದು ನಾಡಿನ ಹೆಸರು, ಇನ್ನೊಂದು ಹುಟ್ಟಿದೂರಿನ ಹೆಸರು. ಜಿಲ್ಲೆ ಹೆಚ್ಚೋ ಹಳ್ಳಿ ಹೆಚ್ಚೋ ಎಂದು ಕೇಳಿದ ಹಾಗಾಗುತ್ತದೆ.

ತನ್ನ ಮನೆಯ ಸಂಗತಿಯನ್ನೂ ರನ್ನ ಮುಚ್ಚಿಡಲಿಲ್ಲ. ಹುಟ್ಟಿದ್ದು ಸೌಮ್ಯ ಸಂವತ್ಸರ, ಎಂದರೆ ಕ್ರಿ.ಶ. 949. ಬಳೆಗಾರರ ಕುಲ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಹೆಂಡಂದಿರು ಜಕ್ಕಿ ಮತ್ತು ಶಾಂತಿ. ಮಗ ರಾಯ, ಮಗಳು ಅತ್ತಿಮಬ್ಬೆ. ಇವೆಲ್ಲ ಅವನ ಕಾವ್ಯದಿಂದಲೇ ತಿಳಿದದ್ದು. ಆದರೂ ನಂಬುತ್ತೇವೆ. ಅರಸನನ್ನು ಹೊಗಳುವಾಗ ಕವಿ ಬೆಟ್ಟವನ್ನು ಮೇರುವೆನ್ನಬಹುದು. ಚಕ್ರವರ್ತಿಯ ಆಸ್ಥಾನದಲ್ಲಿ ಕುಳಿತು ತನ್ನ ಮನೆಯವರು ಬಳೆ ಮಾರುವವರೆಂದು ಸುಳ್ಳು ಹೇಳಿಕೊಳ್ಳಲು ಅವನಿಗೆ ಕಾರಣವಿರಲಿಲ್ಲ. ಬೈಬಲ್ ವಿದ್ವಾಂಸರೂ ಈ ಒರೆಗಲ್ಲನ್ನೇ ಬಳಸುತ್ತಾರೆ. ಬರೆದವನಿಗೆ ಲಾಭವಿಲ್ಲದ ಮಾತಿಗೆ ತೂಕ ಹೆಚ್ಚು. ಮಕ್ಕಳ ಹೆಸರನ್ನೂ ಗಮನಿಸಿ. ಅವು ಕವಿಗೆ ಅನ್ನವಿತ್ತ ಇಬ್ಬರ ಹೆಸರುಗಳು: ಗಂಗರ ಮಂತ್ರಿ ಚಾವುಂಡರಾಯ ಮತ್ತು ದಾನಚಿಂತಾಮಣಿ ಅತ್ತಿಮಬ್ಬೆ.

ಇಲ್ಲಿಂದ ಕಲ್ಲು ಮಾತನಾಡತೊಡಗುತ್ತದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಶ್ರೀ ಕವಿರತ್ನ’ ಎಂಬ ಕೆತ್ತನೆಯಿದೆ. ಚಾವುಂಡರಾಯನ ಹೆಸರೂ ಆ ಬೆಟ್ಟದಲ್ಲಿದೆ. ಅದು ರನ್ನನ ರುಜುವೆಂದು ವಿದ್ವಾಂಸರ ಅಭಿಪ್ರಾಯ. ಮುದುವೊಳಲಿನ ಬಳೆಗಾರರ ಹುಡುಗ ಅಷ್ಟು ದೂರ ನಡೆದು ಗಂಗರ ನಾಡಿಗೆ ಹೋಗಿ ಅಜಿತಸೇನಾಚಾರ್ಯರ ಬಳಿ ಓದಿದನೆಂಬ ಮಾತಿಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಕೆತ್ತನೆ ಇಂದಿಗೂ ಕೆತ್ತಿದ ಜಾಗದಲ್ಲೇ ಇದೆ ಎಂಬುದು ಮುಖ್ಯ. ಪ್ರವಾದಿ ಯೆರೆಮೀಯನ ಬರಹಗಾರ ಬಾರೂಕನ ಮುದ್ರೆಯೆಂದು 1970ರ ದಶಕದಲ್ಲಿ ಭಾರಿ ಹೆಸರು ಮಾಡಿದ ಜೇಡಿಮಣ್ಣಿನ ಮುದ್ರೆಯೊಂದು ಬಂದದ್ದು ಹಳೆಯ ವಸ್ತುಗಳ ವ್ಯಾಪಾರಿಗಳ ಕೈಯಿಂದ. ಎಲ್ಲಿ ಸಿಕ್ಕಿತೆಂದು ಹೇಳುವವರಿರಲಿಲ್ಲ. ಅದು ನಕಲಿಯೆಂದು ಈಗ ಬಹುತೇಕ ವಿದ್ವಾಂಸರು ತಿಳಿಯುತ್ತಾರೆ.

ಅತ್ತಿಮಬ್ಬೆಯ ವಿಷಯದಲ್ಲಿ ನಮ್ಮ ಅದೃಷ್ಟ ದೊಡ್ಡದು. ರನ್ನ ಅವಳಿಗಾಗಿ 993ರಲ್ಲಿ ಅಜಿತಪುರಾಣ ಬರೆದ. ಹದಿನಾಲ್ಕು ವರ್ಷಗಳ ಅನಂತರ, 1007ರಲ್ಲಿ, ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿಯ ಶಾಸನ ಹುಟ್ಟಿತು. ಅದೇ ಬಿರುದು, ಅದೇ ಮನೆತನ, ಅದೇ ದಾನಶೀಲೆ. ಓಲೆಗರಿಯ ಮೇಲಿನ ಮಾತು ಪ್ರತಿಯಿಂದ ಪ್ರತಿಗೆ ಇಳಿದು ಬಂದದ್ದು; ಕಲ್ಲು ಮಾತ್ರ ಅಂದಿನದೇ. ಎರಡೂ ಕೂಡಿದಾಗ ಅತ್ತಿಮಬ್ಬೆ ಕವಿಯ ಕಲ್ಪನೆಯಲ್ಲ, ಚಾಲುಕ್ಯರ ಕಾಲದಲ್ಲಿ ನಡೆದಾಡಿದ ಹೆಂಗಸು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಹಾಗೆಂದು ಕಲ್ಲಿನಲ್ಲಿರುವುದೆಲ್ಲ ಚರಿತ್ರೆ, ಕಾವ್ಯದಲ್ಲಿರುವುದೆಲ್ಲ ಕಥೆ ಎಂದುಕೊಂಡರೆ ತಪ್ಪಾದೀತು. ಅದೇ ಲಕ್ಕುಂಡಿಯ ಶಾಸನದಲ್ಲಿ ಪವಾಡಗಳೂ ಇವೆ. ಅತ್ತಿಮಬ್ಬೆ ಗೊಮ್ಮಟನ ಬೆಟ್ಟ ಹತ್ತುವಾಗ ಅಕಾಲದಲ್ಲಿ ಮಳೆ ಸುರಿದದ್ದು, ಗೋದಾವರಿಯ ಪ್ರವಾಹ ತಡೆದು ನಿಂತದ್ದು. ಅವಳು ಕಟ್ಟಿಸಿದ ಬಸದಿಗಳು ಒಂದೂವರೆ ಸಾವಿರವಂತೆ. ಕಲ್ಲುಕುಟಿಗನ ಉಳಿ ಭಕ್ತಿಯನ್ನೂ ಲೆಕ್ಕವನ್ನೂ ಒಂದೇ ಆಳಕ್ಕೆ ಕೆತ್ತುತ್ತದೆ.

ಅದೇ 1007ರ ಸುಮಾರಿಗೆ ಇನ್ನೊಂದು ಕಲ್ಲು ನಿಂತಿತು, ಇಂದಿನ ಹಾವೇರಿ ಜಿಲ್ಲೆಯ ಹೊಟ್ಟೂರಿನಲ್ಲಿ. ಅದು ಹೇಳುವ ಕಥೆ ಘೋರ. ಚೋಳರ ಯುವರಾಜ ಒಂಬತ್ತು ಲಕ್ಷ ಸೈನ್ಯದೊಡನೆ ಬಂದು ದೋಣೂರಿನವರೆಗೂ ನುಗ್ಗಿ, ನಾಡನ್ನು ಸೂರೆಮಾಡಿ, ಹೆಂಗಸರು ಮಕ್ಕಳು ಬ್ರಾಹ್ಮಣರೆನ್ನದೆ ಕೊಂದನೆಂದೂ ಸತ್ಯಾಶ್ರಯ ಇರಿವಬೆಡಂಗ ಅವನನ್ನು ಓಡಿಸಿದನೆಂದೂ ಅದರಲ್ಲಿದೆ. ದೋಣೂರು ವಿಜಯಪುರ ಜಿಲ್ಲೆಯದೆಂದು ಗುರುತಿಸಿದ್ದಾರೆ. ಬೀಳಗಿಯಿಂದ ಕೃಷ್ಣೆ ದಾಟಿದರೆ ಅದು ಬಹಳ ದೂರವೇನಲ್ಲ. ಈ ಸತ್ಯಾಶ್ರಯನೇ ರನ್ನನ ಗದಾಯುದ್ಧದ ನಾಯಕ. ಕವಿ ಅವನನ್ನು ಭೀಮನೊಡನೆ ಒಂದುಗೂಡಿಸಿ, ಮಹಾಭಾರತದ ಕೊನೆಯ ಕಾಳಗವನ್ನೇ ಅವನ ಕೀರ್ತಿಗಾಗಿ ಮರಳಿ ಕಟ್ಟಿದ. ಗದಾಯುದ್ಧ ಯಾವ ವರ್ಷದ್ದೆಂಬ ಬಗ್ಗೆ ಒಮ್ಮತವಿಲ್ಲ. ಕೆಲವರು 982 ಎನ್ನುತ್ತಾರೆ, ಇನ್ನು ಕೆಲವರು ಸಾವಿರದ ಆಚೆಗೆ ತಳ್ಳುತ್ತಾರೆ. ಯಾವುದೇ ಆಗಲಿ, ಅದರಲ್ಲಿ ಭೀಮ ಸೋಲುವುದಿಲ್ಲ, ಕೊನೆಗೆ ಪಟ್ಟವೂ ಅವನಿಗೇ.

ಈಗ ತಂಜಾವೂರಿಗೆ ಹೋಗಿ. 1010ರಲ್ಲಿ ಪೂರ್ಣಗೊಂಡ ಬೃಹದೀಶ್ವರ ದೇವಾಲಯದ ಗೋಡೆಯ ಶಾಸನಗಳಲ್ಲಿ ರಾಜರಾಜ ಚೋಳ ಸತ್ಯಾಶ್ರಯನನ್ನು ಗೆದ್ದು ಬಂದು ದೇವರ ಪಾದಕ್ಕೆ ಚಿನ್ನದ ಹೂಗಳನ್ನು ಅರ್ಪಿಸಿದ ವಿವರವಿದೆ. ಹೊಟ್ಟೂರಿನಲ್ಲಿ ಓಡಿಹೋದವನು ತಂಜಾವೂರಿನಲ್ಲಿ ಗೆದ್ದಿದ್ದಾನೆ! ಯಾರ ಮಾತು ನಿಜ?

ಬೈಬಲಿನ ನಾಡಿನಲ್ಲಿ ಇಂಥದೇ ಒಂದು ವ್ಯಾಜ್ಯವಿದೆ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ದೊರೆ ಸನ್ಹೇರೀಬ ಯೆಹೂದದ ಮೇಲೆ ದಂಡೆತ್ತಿ ಬಂದ. ದೇವದೂತನು ಒಂದೇ ರಾತ್ರಿಯಲ್ಲಿ ಅವನ ಸೈನ್ಯವನ್ನು ಸಂಹರಿಸಿದ, ಯೆರೂಸಲೇಮ್ ಉಳಿಯಿತು ಎಂದು ಬೈಬಲ್ ಹೇಳುತ್ತದೆ. 1830ರಲ್ಲಿ ನಿನೆವೆಯಲ್ಲಿ ಸನ್ಹೇರೀಬನ ಆರುಮುಖದ ಮಣ್ಣಿನ ಕಂಬ ಸಿಕ್ಕಿತು. ನಲವತ್ತಾರು ಕೋಟೆಯೂರುಗಳನ್ನು ಹಿಡಿದೆ, ಅರಸ ಹಿಜ್ಕೀಯನನ್ನು ಪಂಜರದ ಹಕ್ಕಿಯಂತೆ ಅವನ ಪಟ್ಟಣದಲ್ಲೇ ಕೂಡಿಹಾಕಿದೆ ಎಂದು ಅದರಲ್ಲಿ ಮೆರೆದಿದ್ದಾನೆ. ಆದರೆ ಪಟ್ಟಣವನ್ನು ಹಿಡಿದೆ ಎಂದು ಎಲ್ಲಿಯೂ ಹೇಳಿಲ್ಲ. ಹಿಡಿದಿದ್ದರೆ ಹೇಳದೆ ಬಿಡುವ ಆಸಾಮಿ ಅವನಲ್ಲ. ಇತ್ತ ಬೈಬಲ್ ಕೂಡ ಹಿಜ್ಕೀಯ ಕಪ್ಪ ತೆತ್ತದ್ದನ್ನು ಮರೆಮಾಚಿಲ್ಲ. ಚಿನ್ನ 30 ತಲಾಂತು ಎಂಬಲ್ಲಿ ಇಬ್ಬರ ಲೆಕ್ಕವೂ ಒಂದೇ. ಬೆಳ್ಳಿ ಮಾತ್ರ ಕೊಟ್ಟವರ ಕಡೆ 300, ತೆಗೆದುಕೊಂಡವನ ಕಡೆ 800. ಲಾಕೀಷ್ ಪಟ್ಟಣದಲ್ಲಿ ಅಶ್ಶೂರ್ಯರು ಕೋಟೆ ಏರಲು ಸುರಿದ ಕಲ್ಲಿನ ಇಳಿಜಾರು ಉತ್ಖನನದಲ್ಲಿ ಸಿಕ್ಕಿದೆ. ಮುತ್ತಿಗೆಗೆ ಸಿದ್ಧವಾಗಲು ಹಿಜ್ಕೀಯ ಕೊರೆಸಿದನೆನ್ನುವ 500 ಮೀಟರಿಗೂ ಉದ್ದದ ನೀರಿನ ಸುರಂಗದಲ್ಲಿ ಯೆರೂಸಲೇಮಿನಲ್ಲಿ ಇಂದಿಗೂ ನೀರು ಹರಿಯುತ್ತದೆ. ಇಬ್ಬರ ಮಾತನ್ನೂ ನೆಲದ ಸಾಕ್ಷಿಯನ್ನೂ ಕೂಡಿಸಿದಾಗ ತಿಳಿಯುವುದು ಇಷ್ಟು: ನಾಡು ಹಾಳಾಯಿತು, ಕಪ್ಪ ಹೋಯಿತು, ಪಟ್ಟಣ ಉಳಿಯಿತು. ಉಳಿದವರು ಉಳಿದದ್ದನ್ನು ನೆನಪಿಟ್ಟರು. ಗೆದ್ದವನು ಗೆದ್ದದ್ದನ್ನು ಬರೆಸಿದ.

ಹೊಟ್ಟೂರು ಮತ್ತು ತಂಜಾವೂರನ್ನು ಹೀಗೆ ಎದುರುಬದುರು ಇಟ್ಟರೆ ಇಬ್ಬರೂ ಸುಳ್ಳರಾಗಬೇಕಿಲ್ಲ. ಚೋಳರು ಬಂದರು, ಸೂರೆ ಮಾಡಿದರು, ಹಿಂದಿರುಗಿದರು. ಹಿಂದಿರುಗಿದ್ದು ಇಲ್ಲಿಯವರಿಗೆ ಓಡಿಹೋದದ್ದು, ಅಲ್ಲಿಯವರಿಗೆ ಗೆದ್ದು ಬಂದದ್ದು. ಒಂಬತ್ತು ಲಕ್ಷವೆಂಬ ಸಂಖ್ಯೆಯನ್ನು ಎಣಿಸಿ ಬರೆದದ್ದೆಂದು ತಿಳಿಯಬೇಕಾದದ್ದಿಲ್ಲ. ಅಷ್ಟು ಜನಕ್ಕೆ, ಆನೆ ಕುದುರೆಗಳಿಗೆ ನೀರು ಮೇವು ಒದಗಿಸಲು ಬೇಸಿಗೆಯ ಕೃಷ್ಣೆಯಿಂದ ಆಗುತ್ತಿತ್ತೆ ಎಂದು ಈ ಭಾಗದ ಒಕ್ಕಲಿಗರನ್ನೇ ಕೇಳಬಹುದು. ಬೈಬಲ್ ಕೂಡ ಐಗುಪ್ತದಿಂದ ಹೊರಟ ಗಂಡಸರನ್ನು ಆರು ಲಕ್ಷಕ್ಕೂ ಮೇಲೆಂದು ಲೆಕ್ಕ ಕೊಡುತ್ತದೆ. ಹಳೆಯ ಬರಹಗಳಲ್ಲಿ ದೊಡ್ಡ ಸಂಖ್ಯೆ ಅನೇಕ ಸಲ ಗಾತ್ರವನ್ನಲ್ಲ, ಭಯವನ್ನೋ ಬೆರಗನ್ನೋ ಅಳೆಯುತ್ತದೆ. ಗದಾಯುದ್ಧದ ಭೀಮನ ಸಿಂಹನಾದವನ್ನು ಓದುವಾಗ ಹೊಟ್ಟೂರಿನ ಕಲ್ಲು ನೆನಪಾದರೆ ಆ ಆರ್ಭಟದ ಹಿಂದೆ ಸುಟ್ಟ ಊರುಗಳೂ ಇದ್ದ ಕಾಲ ಕಣ್ಣಿಗೆ ಕಟ್ಟುತ್ತದೆ.

ರನ್ನನ ಅನಂತರವೂ ಈ ನೆಲದ ಜೈನರ ಬದುಕು ನಿಲ್ಲಲಿಲ್ಲವೆನ್ನಲು ಬನಹಟ್ಟಿಯ ಪಕ್ಕದ ತೇರದಾಳಕ್ಕೆ ಹೋಗಬೇಕು. ಅಲ್ಲಿಯ ನೇಮಿನಾಥ ಬಸದಿಯನ್ನು ಹನ್ನೆರಡನೆಯ ಶತಮಾನದಲ್ಲಿ ಕಟ್ಟಿಸಿದವನು ಮಾಂಡಲಿಕ ಗೊಂಕ. ಅಲ್ಲಿಯ ಶಾಸನದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ದೊಡ್ಡ ವರ್ತಕರ ಸಂಘದ ಹೊಗಳಿಕೆಯಿದೆ. ಕೆ. ಬಿ. ಪಾಠಕರು 1885ರ ಸುಮಾರಿಗೆ ಅದನ್ನು ಓದಿ ಅಚ್ಚು ಮಾಡಿಸಿದರು. ಬಳೆಗಾರನ ಮಗ ಕವಿಚಕ್ರವರ್ತಿಯಾದದ್ದು ಹೇಗೆಂದು ಬೆರಗಾಗುವವರು ಈ ಕಲ್ಲನ್ನು ಓದಬೇಕು. ಹೊಳೆಸಾಲಿನ ಈ ಊರುಗಳಲ್ಲಿ ವ್ಯಾಪಾರಿಗಳೆಂದರೆ ಹಣ, ಧರ್ಮ, ವಿದ್ಯೆ ಮೂರನ್ನೂ ಪೊರೆಯುವ ಜನರಾಗಿದ್ದರು. ಇಂದಿನ ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರಕ್ಕೆ ಹಿಂದಣ ನೆಲೆ ಎಷ್ಟು ಹಳೆಯದೆಂಬ ಸುಳಿವೂ ಇದರಲ್ಲಿದೆ.

ಇಲ್ಲಿಯ ನೆಲ ಇದಕ್ಕಿಂತ ಬಹಳ ಹಳೆಯದನ್ನೂ ಕಂಡಿದೆ. ಬೀಳಗಿ ತಾಲ್ಲೂಕಿನ ಅನಗವಾಡಿಯಲ್ಲಿ, ಘಟಪ್ರಭೆಯ ದಂಡೆಯಲ್ಲಿ, ಹಳೆ ಶಿಲಾಯುಗದ ಕಲ್ಲಿನ ಆಯುಧಗಳು ಸಿಕ್ಕಿವೆ. ಆದರೆ ಹೊಳೆಸಾಲು ಈಗ ಮೊದಲಿನ ಹೊಳೆಸಾಲಲ್ಲ. ಆಲಮಟ್ಟಿಯ ಹಿನ್ನೀರು ಬಾಗಲಕೋಟೆಯ ಹಳೆಯ ಪೇಟೆಯೊಂದಿಗೆ ಬೀಳಗಿ, ಜಮಖಂಡಿ ಸೀಮೆಯ ಹಳ್ಳಿಗಳನ್ನೂ ನುಂಗಿದೆ. ಅಣೆಕಟ್ಟಿನ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಕಾಯುತ್ತಿದೆ. ಹೊಲ ಮನೆಗೆ ಪರಿಹಾರದ ದರ ಎಷ್ಟೆಂಬ ಚರ್ಚೆ ನಡೆಯುವುದು ಸಹಜ, ನ್ಯಾಯವೂ ಹೌದು. ಗುಡಿಯ ಗೋಡೆಗೆ ಒರಗಿಸಿದ, ಬಾವಿಯ ಮೆಟ್ಟಿಲಾದ, ಬಟ್ಟೆ ಒಗೆಯುವ ಹಾಸುಗಲ್ಲಾದ ಶಾಸನಗಳ ಮಾತು ಮಾತ್ರ ಆ ಚರ್ಚೆಯಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಕಲ್ಲನ್ನು ಎತ್ತಿ ವಸ್ತುಸಂಗ್ರಹಾಲಯಕ್ಕೆ ಒಯ್ದರೆ ಸಾಲದೆ ಎನ್ನಬಹುದು. ಹಿಜ್ಕೀಯನ ಸುರಂಗದೊಳಗೆ, ಎರಡು ಕಡೆಯಿಂದ ಕೊರೆಯುತ್ತ ಬಂದ ಕೆಲಸಗಾರರು ನಡುವೆ ಒಬ್ಬರ ದನಿ ಒಬ್ಬರು ಕೇಳಿ ಸಂಧಿಸಿದ ಕಥೆ ಹೇಳುವ ಬರಹ 1880ರಲ್ಲಿ ಕಣ್ಣಿಗೆ ಬಿತ್ತು. ಹತ್ತು ವರ್ಷದ ಸುಮಾರಿಗೆ ಯಾರೋ ಅದನ್ನು ಬಂಡೆಯಿಂದ ಕಡಿದು ಒಡೆದು ಹೊತ್ತರು. ಚೂರುಗಳು ಈಗ ಇಸ್ತಾಂಬೂಲಿನಲ್ಲಿವೆ. ಅದರ ಜಾಗವನ್ನು ಮೊದಲೇ ಗುರುತು ಮಾಡಿ ಪ್ರತಿ ತೆಗೆದಿದ್ದರಿಂದ ಇಂದಿಗೂ ಅದು ಸುರಂಗದ ಯಾವ ಗೋಡೆಯದೆಂದು ತಿಳಿದಿದೆ. ನಮ್ಮ ಹೊಳೆಸಾಲಿನ ಪ್ರತಿ ಕಲ್ಲಿಗೂ ನೀರು ಬರುವ ಮೊದಲು ಅಷ್ಟಾದರೂ ಆಗಬೇಕು: ಅಕ್ಷರಗಳ ಅಚ್ಚುಪ್ರತಿ, ನಿಂತ ಹೊಲದ ಸರ್ವೆ ನಂಬರು, ಮುಖ ಮಾಡಿದ ದಿಕ್ಕು, ಆ ಹೊಲಕ್ಕೆ ಊರ ಹಿರಿಯರು ಕರೆಯುವ ಹೆಸರು.