ಸಂತನ ತೋಳಿಗೆ ಮಗು ಬಂದ ಬಗೆ

ಶಿರಸಿಯ ಇಗರ್ಜಿ ಸಂತ ಅಂತೋನಿಯವರ ಹೆಸರಿನದು. ಕಂದು ನಿಲುವಂಗಿ, ಸೊಂಟಕ್ಕೆ ಹಗ್ಗ, ತೋಳಿನಲ್ಲಿ ಬಾಲಯೇಸು. ಘಟ್ಟದ ಮೇಲೂ ಕೆಳಗೂ ಕ್ರೈಸ್ತರಲ್ಲದವರಿಗೂ ಪರಿಚಿತವಾದ ರೂಪ ಇದು. ಕಳೆದ ವಸ್ತು ಸಿಗಲೆಂದು ಭಕ್ತರು ಮೊರೆ ಹೋಗುವುದು ಇವರಿಗೇ. ಆದರೆ ತೋಳಿನ ಆ ಮಗು ಮೊದಲಿನಿಂದಲೂ ಅಲ್ಲಿರಲಿಲ್ಲ.

ಲಿಸ್ಬನ್ನಿನಲ್ಲಿ ಹುಟ್ಟಿದ ಅಂತೋನಿ 1231ರಲ್ಲಿ ಇಟಲಿಯ ಪಾದುವಾ ಬಳಿ ತೀರಿಕೊಂಡರು. ಹೆಸರಾಂತ ಪ್ರವಚನಕಾರರಾಗಿದ್ದ ಅವರ ಕೈಯಲ್ಲಿ ಹಳೆಯ ಚಿತ್ರಕಾರರು ಹೆಚ್ಚಾಗಿ ಇಟ್ಟದ್ದು ಪುಸ್ತಕವನ್ನು. ರಾತ್ರಿ ಪ್ರಾರ್ಥನೆಯ ಹೊತ್ತು ಬಾಲಯೇಸು ಅವರ ತೋಳಿಗೆ ಬಂದನೆಂಬ ಐತಿಹ್ಯ ಬರಹಕ್ಕಿಳಿದದ್ದು ಅವರ ಕಾಲಾನಂತರ. ಕಲಾವಿದರು ಅದಕ್ಕೆ ಮನಸೋತದ್ದಂತೂ 16-17ನೇ ಶತಮಾನಗಳಲ್ಲಿ.

ಅದಕ್ಕೆ ಕಾರಣವಿತ್ತು. ಮೂರ್ತಿ, ಚಿತ್ರಗಳ ಆರಾಧನೆಯನ್ನು ಪ್ರಾಟೆಸ್ಟೆಂಟ್ ಸುಧಾರಕರು ಖಂಡಿಸಿದ್ದರು. 1566ರಲ್ಲಿ ನೆದರ್ಲೆಂಡ್ಸ್ ಪ್ರಾಂತ್ಯಗಳ ಇಗರ್ಜಿಗಳಲ್ಲಿ ಮೂರ್ತಿಗಳು ಪುಡಿಯಾದವು. ಚಿತ್ರಗಳು ಇರಲಿ, ಅವು ಜನರಿಗೆ ಧರ್ಮ ಕಲಿಸಲಿ, ಭಕ್ತಿ ಹುಟ್ಟಿಸಲಿ ಎಂದು ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1563ರಲ್ಲೇ ತೀರ್ಮಾನಿಸಿತ್ತು. ತರ್ಕಕ್ಕೆ ಒಲಿಯದ ಮನಸ್ಸು ಮಗುವಿಗೆ ಒಲಿಯುತ್ತದೆಂಬುದನ್ನು ಚಿತ್ರಕಾರರು ಕಂಡುಕೊಂಡರು. ಹಳೆಯ ಎಷ್ಟೋ ಚಿತ್ರಗಳಲ್ಲಿ ಮೂಲೆಯಲ್ಲಿ ತೂಕಡಿಸುವ ಮುದುಕನಾಗಿದ್ದ ಜೋಸೆಫರು, ಟೊಲೆಡೊದಲ್ಲಿ ಎಲ್ ಗ್ರೆಕೊ ಬರೆದ ಚಿತ್ರದಲ್ಲಿ (1597-99) ತನ್ನನ್ನು ತಬ್ಬಿಕೊಂಡ ಮಗನನ್ನು ನಡೆಸಿಕೊಂಡು ಹೋಗುವ ತಂದೆ. ದೇವರನ್ನು ಮಗುವೆಂದು ಮುದ್ದಿಸುವುದು ಯಶೋದೆ-ಕೃಷ್ಣರ ದಾಸರ ಪದ ಕೇಳಿ ಬೆಳೆದ ನಮಗೆ ಹೊಸದಲ್ಲ. ಪುರಂದರದಾಸರು ಕಾಲವಾದದ್ದು ಟ್ರೆಂಟ್ ಸಭೆ ಮುಗಿದ ಮರುವರ್ಷ, 1564ರಲ್ಲಿ, ಎನ್ನುತ್ತದೆ ಸಂಪ್ರದಾಯ. ಸಂಬಂಧವೇನೂ ಇಲ್ಲ, ಕಾಲ ಒಂದೇ.

ಅಂತೋನಿಯವರ ಅತಿ ಪ್ರಸಿದ್ಧ ಚಿತ್ರ ಸ್ಪೇನಿನ ಸೆವಿಲ್ ಕೆಥೆಡ್ರಲ್‌ನಲ್ಲಿದೆ. 1656ರಲ್ಲಿ ಅದನ್ನು ಬರೆದ ಮುರಿಲ್ಯೊ ಬಾಲ್ಯದಲ್ಲೇ ತಂದೆತಾಯಿಯನ್ನು ಕಳೆದುಕೊಂಡವನು. ಅದಕ್ಕೆ ಏಳು ವರ್ಷ ಮೊದಲು ಪ್ಲೇಗು ಆ ನಗರದ ಸುಮಾರು ಅರ್ಧ ಜನರನ್ನು ನುಂಗಿತ್ತು. ಮಕ್ಕಳನ್ನು ಮಣ್ಣು ಮಾಡಿ ಬಂದವರೇ ಈ ಚಿತ್ರದ ಮುಂದೆ ನಿಂತಿದ್ದಿರಬೇಕು. ಅದರಲ್ಲಿ ಮಗು ಇನ್ನೂ ಸಂತನ ತೋಳಿಗೆ ಬಂದಿಲ್ಲ. ಮೇಲೆ ಬೆಳಕಿನಲ್ಲಿ ಮಗು, ಕೆಳಗೆ ಮಂಡಿಯೂರಿ ಖಾಲಿ ತೋಳು ಚಾಚಿದ ಸಂತ. ನಡುವೆ ಬರೀ ಗಾಳಿ. ಮುರಿಲ್ಯೊನದು ಬರೀ ಸಕ್ಕರೆ ಪಾಕ ಎಂದು ಮೂಗು ಮುರಿದ ವಿಮರ್ಶಕರಿದ್ದಾರೆ. ಈ ಖಾಲಿ ಜಾಗವನ್ನು ಅವರು ಸರಿಯಾಗಿ ನೋಡಿರಲಿಕ್ಕಿಲ್ಲ.

1874ರಲ್ಲಿ ಕಳ್ಳನೊಬ್ಬ ಈ ಚಿತ್ರದಿಂದ ಸಂತನನ್ನಷ್ಟೇ ಕತ್ತರಿಸಿ ಒಯ್ದ. ಕಳೆದದ್ದನ್ನು ಹುಡುಕಿಕೊಡುವ ಸಂತರೇ ಕಳೆದುಹೋಗಿ, ಮರುವರ್ಷ ನ್ಯೂಯಾರ್ಕಿನಲ್ಲಿ ಸಿಕ್ಕರು! ತುಂಡನ್ನು ಮತ್ತೆ ಜೋಡಿಸಲಾಯಿತು.

ಮುಂದೆ ಸೆವಿಲ್‌ನ ಕಪುಚಿನ್ ಸನ್ಯಾಸಿಗಳಿಗಾಗಿ ಮುರಿಲ್ಯೊ ಇದೇ ಸಂತನನ್ನು ಮತ್ತೊಮ್ಮೆ ಬರೆದ. ಅದರಲ್ಲಿ ಮಗು ಬಂದಾಗಿದೆ, ತೆರೆದ ಪುಸ್ತಕದ ಮೇಲೆಯೇ ಕೂತಿದೆ. ಪುಸ್ತಕ, ಮಗು ಎರಡನ್ನೂ ಹಿಡಿದ ಅಂತೋನಿಯವರ ಮೂರ್ತಿಗಳು ನಮ್ಮ ಕಡೆಯೂ ಇವೆ. ಅವರ ಹಬ್ಬ ಜೂನ್ 13ಕ್ಕೆ, ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೆ.